ನೀರಿನ ಹಿಂದೆ ಹೋದ ಸೌತೆಬಳ್ಳಿ

ಹೊರಗಿನಿಂದ ನೋಡಿ ಒಳಗೆ ನೀರು ಎಷ್ಟಿದೆ ಎಂದು ಹೇಳುವುದು ನನ್ನ ಕಸುಬು. ಎಳನೀರಿನ ವ್ಯಾಪಾರ ಎಂದರೆ ಮುಕ್ಕಾಲು ಪಾಲು ಅದೇ. ಮಳವಳ್ಳಿ ಕಡೆಯ ತೋಟಗಳಿಂದ ಮದ್ದೂರಿನ ಮಾರುಕಟ್ಟೆಗೆ ಗಾಡಿ ಬಂದು ನಿಂತಾಗ ನಾನು ಕಾಯಿ ಕೊಚ್ಚಿಸಿ ನೋಡುವುದಿಲ್ಲ. ತೊಟ್ಟು ನೋಡುತ್ತೇನೆ, ಕೈಯಲ್ಲಿ ತೂಗುತ್ತೇನೆ, ಬೆರಳಲ್ಲಿ ತಟ್ಟಿ ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ. ನೀವು ಎಳನೀರು ಕೊಳ್ಳುವಾಗಲೂ ಇದೊಂದು ನೆನಪಿಟ್ಟುಕೊಳ್ಳಿ: ಒಳಗೆ ಗಳಗಳ ಅನ್ನುವ ಕಾಯಿ ಬೇಡ. ಗಳಗಳ ಅಂದರೆ ನೀರು ಇಳಿದು ಜಾಗ ಖಾಲಿಯಾಗಿದೆ ಎಂದು.

ಹಾಗಾಗಿ ಮಂಡ್ಯದ ಗುತ್ತಲಿನ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಿಕೊಂಡು ಬಂದ ಹುಡುಗಿ, "ನಾನು ಉಪಗ್ರಹದ ಚಿತ್ರ ನೋಡಿ ಕೆರೆಗಳಲ್ಲಿ ನೀರು ಎಲ್ಲಿಯವರೆಗೆ ಇದೆ ಅಂತ ಅಳೆಯುವವಳು" ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇವಳೂ ನಮ್ಮ ಕಸುಬಿನವಳೇ ಅನ್ನಿಸಿತು. ಕರಾವಳಿಯ ಹುಡುಗಿ. ಅಲ್ಲಿ ಸಮುದ್ರ ಪ್ರತಿ ಮಳೆಗಾಲಕ್ಕೆ ಎಷ್ಟು ದಡ ತಿನ್ನುತ್ತದೆ, ನದಿ ಬಾಯಿಯ ಮರಳು ಎತ್ತ ಸರಿಯುತ್ತದೆ ಎಂದು ಅಳೆದು ಮುಗಿಸಿ, ಈಗ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಮೇವಿಗೆ ಹೋಗುವ ಕೆರೆಗಳ ಲೆಕ್ಕಕ್ಕೆ ಬಂದಿದ್ದಳು. ಬಾಡಿಗೆಯ ಮಾತು ಕಾಫಿ ಆರುವವರೆಗೂ ನಡೆಯಿತು. ಅವಳು ಬಿಟ್ಟುಕೊಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ನನ್ನ ಮಾತಿನಂತೆ ಬಾಡಿಗೆ, ಅವಳ ಮಾತಿನಂತೆ ತಾರಸಿಯ ಬಳಕೆ ಎಂದಾಯಿತು. ಚೌಕಾಸಿ ಮಾಡಲು ಬರುವ ಬಾಡಿಗೆದಾರರನ್ನೇ ಇಟ್ಟುಕೊಳ್ಳಿ. ಕೇಳಿದ್ದಕ್ಕೆಲ್ಲ ಹೂಂ ಅನ್ನುವವರು ಆಮೇಲೆ ಕೊಡುವಾಗ ತಡವರಿಸುತ್ತಾರೆ.

ಒಂದು ದಿನ ಅವಳ ಕಂಪ್ಯೂಟರಿನ ಮುಂದೆ ನಿಂತೆ. ಊರೆಲ್ಲ ಕೆಂಪಗೆ, ನಡುವೆ ಅಲ್ಲಲ್ಲಿ ಕಪ್ಪು ಮಚ್ಚೆ.

"ಇದೇನವ್ವ, ನಮ್ಮ ಮದ್ದೂರಿಗೆ ಬೆಂಕಿ ಹಚ್ಚಿಟ್ಟಿದ್ದೀಯ?"

ಅವಳು ನಕ್ಕಳು. "ಇಲ್ಲ ಆಂಟಿ. ಹಸಿರೆಲೆ ಒಂದು ಬಗೆಯ ಬೆಳಕನ್ನು ಜೋರಾಗಿ ವಾಪಸ್ ಎಸೆಯುತ್ತದೆ, ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಉಪಗ್ರಹಕ್ಕೆ ಕಾಣುತ್ತದೆ. ಅದನ್ನು ಕೆಂಪು ಅಂತ ತೋರಿಸುತ್ತೇವೆ. ನೀರು ಆ ಬೆಳಕನ್ನು ನುಂಗಿಬಿಡುತ್ತದೆ, ಹಾಗಾಗಿ ಕಪ್ಪು."

"ಅಂದ್ರೆ ಕೆಂಪಿದ್ರೆ ಬೆಳೆ, ಕಪ್ಪಿದ್ರೆ ನೀರು."

"ಅಷ್ಟೇ."

ಬೆಸಗರಹಳ್ಳಿಯ ರಸ್ತೆ ಹಿಡಿದು ಬೆರಳಾಡಿಸಿದೆ. ಒಳದಾರಿಗೆ ತಿರುಗಿದಲ್ಲಿ ಮಾವಿನ ಹೋಳಿನ ಆಕಾರದ ಒಂದು ಕಪ್ಪು ಸಿಕ್ಕಿತು. ನಮ್ಮಕ್ಕನನ್ನು ಕೊಟ್ಟ ಊರಿನ ಕೆರೆ.

ಆ ಕೆರೆಯ ವಿಷಯ ಹೇಳಬೇಕು. ಅದು ನಾಲೆಯ ನೀರು ಬಾರದ, ಮಳೆಯನ್ನೇ ನಂಬಿದ ಕೆರೆ. ಒಂದು ಕಡೆ ಎತ್ತರದ ಏರಿ, ತೂಬು. ಇನ್ನೊಂದು ಕಡೆ, ಹಳ್ಳ ಬಂದು ಸೇರುವಲ್ಲಿ, ನೀರು ತೆಳುವಾಗಿ ಹರಡಿಕೊಂಡು ಮೊಣಕಾಲಿಗೂ ಬಾರದ ತುದಿ. ಆ ತುದಿಯನ್ನು ಊರಿನವರು ಕೆರೆಯ ಬಾಲ ಎನ್ನುತ್ತಾರೆ. ದೀಪಾವಳಿಯ ಹೊತ್ತಿಗೆ ಕೆರೆ ತುಂಬುತ್ತದೆ. ಸಂಕ್ರಾಂತಿ ಕಳೆದ ಮೇಲೆ ಬಾಲದ ಕಡೆಯಿಂದ ನೀರು ಹಿಂದೆ ಸರಿಯತೊಡಗುತ್ತದೆ. ನೀರು ಬಿಟ್ಟುಹೋದ ಗೋಡು ಮಣ್ಣಿನಲ್ಲಿ ಹೆಂಗಸರು ಸೌತೆ ಬೀಜ ಊರುತ್ತಾರೆ. ನೀರು ಇನ್ನಷ್ಟು ಸರಿಯಿತೇ, ಇನ್ನೊಂದು ಪಟ್ಟೆ. ಹೀಗೆ ನೀರು ಮುಂದೆ, ಬಳ್ಳಿ ಹಿಂದೆ. ಯಾರೂ ಬದು ಹಾಕುವಂತಿಲ್ಲ, ಬೇಲಿ ಕಟ್ಟುವಂತಿಲ್ಲ. ಪಟ್ಟೆಯ ಮೂಲೆಗೆ ಒಂದು ಎಕ್ಕದ ಕಡ್ಡಿ ನೆಟ್ಟರೆ ಮುಗಿಯಿತು, ಆ ಬೇಸಿಗೆಗೆ ಅದು ಆಕೆಯದು. ಮೊದಲ ಕಾಯಿಯನ್ನು ಮನೆಗೆ ಒಯ್ಯುವಂತಿಲ್ಲ. ಅರಿಶಿನ ಹಚ್ಚಿ ನೀರಿಗೆ ಬಿಡಬೇಕು. ಅದು ಗಂಗಮ್ಮನ ಪಾಲು. ಮಳೆ ಬಂದು ನೀರು ಮರಳಿ ಏರಿದಾಗ ಎಕ್ಕದ ಕಡ್ಡಿಗಳನ್ನು ಕೆರೆಯೇ ಕಿತ್ತುಕೊಂಡು ಹೋಗುತ್ತದೆ.

ಅಲ್ಲಿಯ ಸೌತೆಕಾಯಿಗೆ ಕಹಿ ಗೊತ್ತಿಲ್ಲ. ನಾನು ಬದುಕು ಆರಂಭಿಸಿದ್ದೂ ಅದರಿಂದಲೇ. ನನ್ನ ಮೊದಲ ಬುಟ್ಟಿಯನ್ನು ಅಕ್ಕ ತನ್ನ ಪಟ್ಟೆಯಿಂದ ಕಿತ್ತು ತುಂಬಿಸಿ ತಲೆಯ ಮೇಲಿಟ್ಟಳು. ಮದ್ದೂರಿನ ನಿಲ್ದಾಣದಲ್ಲಿ ವಡೆ ಮಾರುವವರ ಕೂಗಿನ ನಡುವೆ ನಾನು ಸೌತೆಕಾಯಿ ಸೀಳಿ, ಉಪ್ಪು ಖಾರ ಸವರಿ, ರೈಲಿನ ಕಿಟಕಿಗೆ ಹಿಡಿಯುತ್ತಿದ್ದೆ. ಬಿಸಿ ವಡೆ ತಿಂದವನಿಗೆ ಬಾಯಿ ಉರಿಯುತ್ತದೆ. ವಡೆಯವನ ಹಿಂದೆಯೇ ಹೋಗಬೇಕು, ಮುಂದೆ ಅಲ್ಲ. ಈ ಗುಟ್ಟನ್ನು ಯಾರೂ ನನಗೆ ಹೇಳಿಕೊಡಲಿಲ್ಲ, ನಿಮಗೆ ಬಿಟ್ಟಿಯಾಗಿ ಹೇಳುತ್ತಿದ್ದೇನೆ. ಬುಟ್ಟಿಯಿಂದ ತಳ್ಳುಗಾಡಿ, ತಳ್ಳುಗಾಡಿಯಿಂದ ಎಳನೀರಿನ ಮಂಡಿ. ಆದರೆ ಬುಡ ಮಾತ್ರ ಅಕ್ಕನ ಆ ಪಟ್ಟೆಯಲ್ಲಿದೆ.

ಅಂಥ ಅಕ್ಕ ಒಂದು ಬೆಳಿಗ್ಗೆ ಫೋನು ಮಾಡಿದಳು. ದನಿಯಲ್ಲಿ ಸಂಭ್ರಮ.

"ಅಮ್ಮೀ, ನಂದೂ ವಿಡಿಯೊ ತಗುದ್ರು ಕಣಮ್ಮಿ!"

"ಯಾರಕ್ಕಯ್ಯ? ಟೀವಿಯೋರಾ?"

"ಟೀವಿಯೋರಲ್ಲ. ಕ್ಯರೆ ಪಕ್ಕದ ಒಲ ತಕ್ಕಂಡವ್ರಲ್ಲ, ಸೈಟು ಮಾಡೋರು, ಅವ್ರು. ಡೈರಿ ಮುಂದೆ ಕುಂತ್ಕಂಡು ಎಲ್ಲಾ ಎಂಗಸ್ರುನೂವೆ ಕರದ್ರು. 'ಎಷ್ಟ್ ವರ್ಸದಿಂದ ಬೇಸಾಯ ಮಾಡ್ತಿದ್ದೀರವ್ವ' ಅಂದ್ರು. ನಾನು ಬುಟ್ಟೇನೇ? 'ಮದ್ವೆ ಆಗಿ ಬಂದಾಗ್ನಿಂದ್ಲೂ ಮಾಡ್ತಾ ಇವ್ನಿ, ಅದು ನಮ್ದೇ ಜಮೀನು' ಅಂದೆ. ಜೋರಾಗಿ ಯೋಳವ್ನಿ!"

ನನ್ನ ಕೈಯಲ್ಲಿದ್ದ ಕಾಯಿ ಕೆಳಗಿಟ್ಟೆ.

"ಜಮೀನು ಅಂದ್ಯಾ?"

"ಊಂ. ಇನ್ನೇನನ್ನಾನ? ಬುಟ್ಟುಕೊಟ್ರೆ ನಮ್ ಪಟ್ಟೆ ಕಿತ್ಕತ್ತಾರೆ ಅಂತ ಗಟ್ಟಿಯಾಗಿ ನಮ್ದು ಅಂದೆ."

ಕೊಳ್ಳುವವನು ನಗುನಗುತ್ತಾ ನಮ್ಮ ಮಾಲನ್ನು ಹೊಗಳಿದರೆ ಆ ಕ್ಷಣವೇ ಎಚ್ಚರವಾಗಬೇಕು. ಅಕ್ಕನಿಗೆ ಆ ಎಚ್ಚರ ಆಗಿರಲಿಲ್ಲ. ಅವಳ ಜಾಗದಲ್ಲಿ ಯಾರಿದ್ದರೂ ಮಾಡುವ ತಪ್ಪು ಅದು. ವರ್ಷವರ್ಷವೂ ಗೇದ ಮಣ್ಣನ್ನು ನಮ್ಮದು ಎಂದು ಎದೆ ತಟ್ಟಿ ಹೇಳದವರು ಯಾರು?

ಮಾರನೆಯ ದಿನ ಹೋಗಿ ಪಂಚಾಯ್ತಿಯ ಹಲಗೆ ನೋಡಿದೆ. ಕೆರೆಯ ಬಾಲದ ಭಾಗದಲ್ಲಿ ಈಗ ನೀರು ನಿಲ್ಲುವುದಿಲ್ಲ, ಅಲ್ಲಿ ಬಹುಕಾಲದಿಂದ ಬೇಸಾಯ ನಡೆಯುತ್ತಿದೆ, ಆದ್ದರಿಂದ ಅದನ್ನು ಕೆರೆಯ ವಿಸ್ತೀರ್ಣದಿಂದ ಕೈಬಿಡಬೇಕು ಎಂದು ಅರ್ಜಿ ಬಿದ್ದಿತ್ತು. ಯುಗಾದಿಗೆ ಮುಂಚೆ ಅಧಿಕಾರಿಗಳು ಸ್ಥಳ ನೋಡಲು ಬರುತ್ತಾರೆ, ಆಕ್ಷೇಪಣೆ ಇದ್ದವರು ಅಂದು ಹೇಳಬಹುದು. ಒಮ್ಮೆ ಕೆರೆ ಅಲ್ಲ ಎಂದಾದರೆ ಬಾಲಕ್ಕೆ ಮಣ್ಣು ಬೀಳುತ್ತದೆ. ಸೈಟಿನ ಕಲ್ಲುಗಳು ನಿಲ್ಲುತ್ತವೆ. ಎಕ್ಕದ ಕಡ್ಡಿ ನೆಟ್ಟ ಹೆಂಗಸರ ಹೆಸರಿನಲ್ಲಿ ಅಲ್ಲಿ ಯಾವ ಕಾಗದವೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಅಕ್ಕ ತನ್ನ ಬಾಯಿಯಿಂದಲೇ ತನ್ನ ಪಟ್ಟೆಯನ್ನು ಬಿಟ್ಟುಕೊಟ್ಟಿದ್ದಳು.

ಸೈಟಿನ ಯಜಮಾನರು ಅಂದೂ ಡೈರಿಯ ಮುಂದೆ ಇದ್ದರು. ಒಳ್ಳೆಯ ಮಾತುಗಾರ, ಅದನ್ನು ಒಪ್ಪಬೇಕು. ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಸಿದ ದೊಡ್ಡ ದೊಡ್ಡ ಚಿತ್ರಗಳನ್ನು ಕುರ್ಚಿಗೆ ಒರಗಿಸಿಟ್ಟಿದ್ದರು.

"ನೋಡಿ ಅಕ್ಕಾವ್ರೆ, ಇದು ನಾನು ಹೇಳೋದಲ್ಲ. ಸ್ಯಾಟಲೈಟು ಹೇಳ್ತಿರೋದು. ಪ್ರತಿ ವರ್ಷ ಹಸಿರು. ಆಕಾಶದಲ್ಲಿ ಕೂತಿರೋದಕ್ಕೆ ನಮ್ಮ ಪರಿಚಯ ಉಂಟಾ? ಲಂಚ ಕೊಟ್ಟೆ ಅಂತೀರಾ?"

ಹಳ್ಳಿಯವರು ತಲೆದೂಗಿದರು. ಒಬ್ಬ ಮುದುಕ ಹೇಳಿದ, "ಮ್ಯಾಲಿಂದ ನೋಡದೋರ್ಗೆ ಏನ್ಲಾ ಅನ್ನಾದು. ದ್ಯಾವ್ರಂಗೆ ಕುಂತದೆ."

ನಾನು ಒಂದೊಂದೇ ಚಿತ್ರ ನೋಡುತ್ತಾ ಹೋದೆ. ಬೇರೆ ಬೇರೆ ವರ್ಷ. ಬಾಲ ಪ್ರತಿ ಚಿತ್ರದಲ್ಲೂ ಹಸಿರೇ. ಆದರೆ ಏರಿಯಾಚೆಯ ಹೊಂಗೆ ಮರಗಳ ನೆರಳು, ಒಣಗಿದ ಹೊಲಗಳು, ತೂಬಿನ ಹತ್ತಿರ ಕುಗ್ಗಿದ ನೀರು, ಅವೂ ಪ್ರತಿ ಚಿತ್ರದಲ್ಲಿ ಒಂದೇ ಥರ ಇದ್ದವು. ಬುಟ್ಟಿಯ ಮೇಲೆ ಮಾತ್ರ ಒಳ್ಳೆಯ ಕಾಯಿ ಜೋಡಿಸುವುದನ್ನು ನಾನು ಜೀವಮಾನವಿಡೀ ನೋಡಿದ್ದೇನೆ, ಸುಳ್ಳೇಕೆ, ಮಾಡಿಯೂ ಇದ್ದೇನೆ.

"ಚೆನ್ನಾಗವೆ ಯಜಮಾನ್ರೆ ಚಿತ್ರ," ಎಂದೆ. "ಎಲ್ಲಾ ಶಿವರಾತ್ರಿ ಸುತ್ತಮುತ್ತಲಿನವು ಅಲ್ವಾ?"

ಅವರು ಒರಗಿಸಿಟ್ಟ ಹಾಳೆಯೊಂದನ್ನು ನೇರ ಮಾಡಿದರು. "ಆಕಾಶ ಶುಭ್ರವಾಗಿರೋ ತಿಂಗಳಲ್ಲೇ ಅಲ್ವಾ ತೆಗೆಯೋದು."

"ಅದೂ ಸರಿಯೇ ಬುಡಿ," ಎಂದು ನಕ್ಕು ಬಂದುಬಿಟ್ಟೆ. ಎದುರಿನವರ ಮಾಲಿನಲ್ಲಿ ಹುಳುಕು ಕಂಡರೆ ಆಗಲೇ ಕೂಗಬೇಡಿ. ಕೂಗಿದರೆ ಅವರು ಬುಟ್ಟಿ ಬದಲಾಯಿಸಿಕೊಂಡು ಬರುತ್ತಾರೆ.

ಮನೆಗೆ ಬಂದವಳೇ ಮಹಡಿ ಹತ್ತಿದೆ. "ನಂಗೆ ಬುಟ್ಟಿಯ ತಳ ತೋರಿಸಬೇಕವ್ವ ನೀನು," ಎಂದೆ. ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ವಿವರಿಸಿ ಹೇಳಿದ ಮೇಲೆ ಅವಳ ಕಣ್ಣು ಹೊಳೆಯಿತು. ಆ ಉಪಗ್ರಹ ವಾರಕ್ಕೊಮ್ಮೆಯಾದರೂ ನಮ್ಮ ತಲೆಯ ಮೇಲೆ ಹಾದುಹೋಗುತ್ತದಂತೆ. ಎಲ್ಲ ಚಿತ್ರಗಳೂ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಇಟ್ಟಿರುತ್ತಾರಂತೆ. ಆರಿಸಿಕೊಳ್ಳುವವರ ಕೈಚಳಕ ಅಷ್ಟೇ.

ಆದರೆ ಮಳೆಗಾಲದ ಕೊನೆಯ ಚಿತ್ರ ತೆರೆದಾಗ ಬರೀ ಮೋಡ. ಹತ್ತಿ ಹಿಂಜಿ ಹಾಕಿದ ಹಾಗೆ.

"ಇದಕ್ಕೆ ಇನ್ನೊಂದು ಉಪಗ್ರಹ ಉಂಟು," ಎಂದಳು. "ಅದು ಬೆಳಕು ನೋಡುವುದಿಲ್ಲ, ತಾನೇ ಅಲೆ ಕಳಿಸಿ ಅದು ಮರಳುವುದನ್ನು ಕೇಳುತ್ತದೆ. ಮೋಡ ಅಡ್ಡ ಬರುವುದಿಲ್ಲ. ನೀರು ನುಣ್ಣಗಿರುತ್ತದಲ್ಲ, ಅಲೆ ಜಾರಿ ಆಚೆ ಹೋಗಿಬಿಡುತ್ತದೆ, ವಾಪಸ್ ಬರುವುದಿಲ್ಲ. ಅಲ್ಲಿ ಕಪ್ಪು."

"ತಟ್ಟಿ ನೋಡೋದು ಅನ್ನು. ನಾನೂ ಕಾಯಿ ಅಂಗೇ ನೋಡೋದು."

ಅದರಲ್ಲಿ ಕೆರೆಯ ನಡುಭಾಗವೇನೋ ಕಪ್ಪಗೆ ಬಂತು. ಬಾಲ ಮಾತ್ರ ಬೆಳ್ಳಗೆ ಹೊಳೆಯಿತು. ಹುಡುಗಿ ಉಗುರು ಕಚ್ಚಿಕೊಂಡಳು. ಬಾಲದ ತುಂಬ ಮಳೆಗಾಲದ ಕೊನೆಗೆ ನೀರೇರುತ್ತಿದ್ದಂತೆ ಜೊಂಡುಹುಲ್ಲು ಎದೆಯೆತ್ತರ ನಿಲ್ಲುತ್ತದೆ ಎಂದು ನಾನು ಹೇಳಿದ ಮೇಲೆ ಅವಳಿಗೆ ಕಾರಣ ಸಿಕ್ಕಿತು. ನೀರಿನಲ್ಲಿ ನಿಂತ ಹುಲ್ಲಿಗೆ ಬಡಿದ ಅಲೆ ಎರಡು ಸಲ ಪುಟಿದು ಜೋರಾಗಿ ಮರಳುತ್ತದಂತೆ. "ನನಗೆ ಇದು ನೀರೇ ಅಂತ ಗೊತ್ತು ಆಂಟಿ. ಆದರೆ ಅಧಿಕಾರಿಗೆ ಬಿಳಿ ತೋರಿಸಿ ಇದು ನೀರು ಅಂದರೆ ಅವರು ಒಪ್ಪಬೇಕಲ್ಲ?"

ಒಪ್ಪುವುದಿಲ್ಲ. ಕೊಳ್ಳುವವನಿಗೆ ಬಿಡಿಸಿ ಹೇಳಬೇಕಾದ ಮಾಲು ಅರ್ಧ ಸೋತ ಮಾಲು.

ನಾನು ಕುರ್ಚಿ ಎಳೆದುಕೊಂಡು ಕೂತೆ. "ಜೊಂಡು ಕುಯ್ಯೋದು ಯಾವಾಗ ಗೊತ್ತಾ? ಕಾರ್ತಿಕ ಮುಗೀತಿದ್ದಂಗೆ. ಚಾಪೆ ಹೆಣೆಯೋರು ಬಂದು ಕುಯ್ಕೊಂಡು ಹೋಗ್ತಾರೆ. ಅದಾದ ಮೇಲೆ ಸಂಕ್ರಾಂತಿವರೆಗೂ ಬಾಲದಲ್ಲಿ ಬರೀ ನೀರು, ಮೇಲೆ ಬರೀ ಬಿಸಿಲು. ಆ ನಡುವಿನವು ತೆಗಿ ನೋಡೋಣ."

ತೆಗೆದಳು. ಕಪ್ಪು! ಏರಿಯಿಂದ ಹಿಡಿದು ಹಳ್ಳದ ಬಾಯಿಯವರೆಗೆ, ಬಾಲದ ತುದಿಯವರೆಗೆ, ಕಾಡಿಗೆ ತೀಡಿದ ಹಾಗೆ ಕಪ್ಪು. ಹಿಂದಿನ ವರ್ಷವೂ ಅಷ್ಟೇ, ಅದರ ಹಿಂದಿನ ವರ್ಷವೂ ಅಷ್ಟೇ. ಅವಳು ಚಪ್ಪಾಳೆ ತಟ್ಟಿದಳು. ಚಿತ್ರಗಳನ್ನು ತಿಂಗಳ ಸಾಲಿನಲ್ಲಿ ಜೋಡಿಸಿ ಓಡಿಸಿದಾಗ ಇನ್ನೂ ಚೆಂದ. ಕಪ್ಪು ಕುಗ್ಗುತ್ತಾ ಹೋಗುತ್ತದೆ, ಅದರ ಅಂಚಿಗೆ ಅಂಟಿಕೊಂಡು ಒಂದು ಕೆಂಪು ಗೆರೆ ಹುಟ್ಟುತ್ತದೆ; ಕಪ್ಪು ಇನ್ನಷ್ಟು ಸರಿದರೆ ಕೆಂಪೂ ಹಿಂದೆಯೇ ಸರಿಯುತ್ತದೆ. ಅಕ್ಕನೂ ಅವಳ ಜೊತೆಯವರೂ ಬೆನ್ನು ಬಗ್ಗಿಸಿ ಬೀಜ ಊರುತ್ತಾ ನೀರಿನ ಹಿಂದೆ ನಡೆದದ್ದು ಆಕಾಶದಿಂದ ಹಾಗೆ ಕಾಣುತ್ತಿತ್ತು.

ಮಳೆ ಕೈಕೊಟ್ಟ ಒಂದು ವರ್ಷವೂ ಸಿಕ್ಕಿತು. ಆ ವರ್ಷ ಬಾಲಕ್ಕೆ ನೀರೇ ಬಂದಿರಲಿಲ್ಲ. ಬೇಸಿಗೆಯಲ್ಲಿ ಬಾಲದಲ್ಲಿ ಕೆಂಪೂ ಇರಲಿಲ್ಲ. ಬೋಳು.

"ನೀರು ಬಾರದ ವರ್ಷ ಬೆಳೆಯೂ ಇಲ್ಲ," ಎಂದು ಹುಡುಗಿ ಮೆಲ್ಲಗೆ ಅಂದಳು.

"ಇನ್ನೊಂದು," ಎಂದೆ ನಾನು. "ಶ್ರಾವಣದ ಹೊತ್ತಿಗೆ ಒಂದಾದರೂ ಮೋಡವಿಲ್ಲದ ದಿನ ಇರ್ಬೇಕಲ್ಲ? ಅದು ತೋರ್ಸು." ಸಿಕ್ಕಿತು. ಸುತ್ತಲ ಹೊಲವೆಲ್ಲ ರಾಗಿ ಪೈರಿನಿಂದ ಕೆಂಪು, ಬಾಲ ಮಾತ್ರ ಖಾಲಿ, ನೀರಿಗೆ ಕಾದುಕೊಂಡು. ರಾಗಿ ಬಿತ್ತುವ ಕಾಲದಲ್ಲಿ ಯಾವ ರೈತ ತನ್ನ ಜಮೀನನ್ನು ಖಾಲಿ ಬಿಡುತ್ತಾನೆ? ಅದು ಜಮೀನಾಗಿದ್ದರೆ ತಾನೇ!

ನನ್ನ ಅರ್ಧ ಕೆಲಸ ಮುಗಿದಿತ್ತು. ಉಳಿದರ್ಧ ಕಷ್ಟದ್ದು, ಅದು ಅಕ್ಕ. ಚಿತ್ರ ಏನೇ ಹೇಳಲಿ, "ನಮ್ದೇ ಜಮೀನು" ಎಂದ ವಿಡಿಯೊ ಅವರ ಜೇಬಿನಲ್ಲಿತ್ತು. ಅಕ್ಕ ಅದನ್ನು ಅಧಿಕಾರಿಯ ಎದುರು ತಾನೇ ತಿದ್ದಬೇಕು.

ಅವಳ ಮನೆಯ ಜಗುಲಿಯಲ್ಲಿ ಕೂತು ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದವಳು ಮೊರ ಪಕ್ಕಕ್ಕಿಟ್ಟಳು.

"ನಂದಲ್ಲ ಅನ್ನಬೇಕಾ ನಾನು?"

"ಜಮೀನು ನಂದಲ್ಲ, ಕ್ಯರೇದು ಅನ್ನಕ್ಕಯ್ಯ."

"ಲೇ, ನಿಂಗೇನು ಬಂದದೆ? ನಿನ್ ಮೊದ್ಲ ಬುಟ್ಟಿ ತುಂಬಿದ್ದು ಆ ಮಣ್ಣು. ನನ್ ಮಗಳ ಓದು, ಮದ್ವೆ ಸೀರೆ, ಎಲ್ಲಾ ಆ ಮಣ್ಣು. ಈಗ ಸಾಹೇಬ್ರ ಮುಂದೆ ನಿಂತ್ಕಂಡು ನಂದಲ್ಲ ಅನ್ನಾನ? ಆಮ್ಯಾಕೆ ಆ ಸಾಹೇಬ್ರು 'ಕ್ಯರೆ ಅಂದ ಮ್ಯಾಲೆ ನಿಂದೇನು ಕೆಲ್ಸ ಅಲ್ಲಿ, ಎದ್ದೋಗು' ಅಂದ್ರೆ? ಆಗ ನಿನ್ ಮಂಡೀಲಿ ಎಳ್ನೀರು ಕೊಚ್ಚಾಕೆ ಕುಂಡ್ರುಸ್ತೀಯಾ?"

ಆ ಭಯ ಸುಳ್ಳಲ್ಲ. ಅದಕ್ಕೆ ನನ್ನ ಹತ್ತಿರ ಇದ್ದದ್ದು ಒಂದು ವ್ಯಾಪಾರದ ಲೆಕ್ಕ ಮಾತ್ರ.

"ನೋಡು, ಜಮೀನು ಅಂತ ಆಯ್ತು ಅನ್ನು, ನಿನ್ ಪಟ್ಟೆ ಖಂಡಿತ ಹೋಯ್ತದೆ. ಕ್ಯರೆ ಅಂತ ಆಯ್ತು ಅನ್ನು, ಹೋದ್ರೂ ಹೋಗಬೌದು, ಉಳಿದ್ರೂ ಉಳೀಬೌದು. ಖಂಡಿತ ಹೋಗೋದ್ಕಿಂತ ಅದು ವಾಸಿ ಅಲ್ವಾ? ನಿನ್ನ ನಾನು ಸುಳ್ಳು ಹೇಳು ಅಂತ ಕೇಳ್ತಾ ಇಲ್ಲ. ನಿಮ್ ಅತ್ತೆ ನಿಂಗೆ ಏನ್ ಹೇಳ್ಕೊಟ್ಟಿದ್ರೋ ಅದನ್ನೇ ಹೇಳು."

ಅಕ್ಕ ಮೊರ ಎಳೆದುಕೊಂಡು ಮತ್ತೆ ಕಾಯಿ ಬಿಡಿಸತೊಡಗಿದಳು. ಬರುವಾಗ ಬಾಗಿಲವರೆಗೂ ಬಂದು ಕಳಿಸಲಿಲ್ಲ. ಒಪ್ಪಿದಳೋ ಇಲ್ಲವೋ ತಿಳಿಯದೆಯೇ ನಾನು ಮಂಡ್ಯಕ್ಕೆ ಬಸ್ಸು ಹತ್ತಿದೆ.

ಅಧಿಕಾರಿ ಬಂದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಬಾಲದಲ್ಲಿ ಸೌತೆಬಳ್ಳಿ ಹಸಿರಾಗಿ ಹಬ್ಬಿ ಹಳದಿ ಹೂ ಬಿಟ್ಟಿತ್ತು. ಯಾರು ನೋಡಿದರೂ ಹೊಲ ಅನ್ನಬೇಕು. ಸೈಟಿನ ಯಜಮಾನರು ನಗುತ್ತಲೇ ಮೊದಲು ವಿಡಿಯೊ ತೋರಿಸಿದರು, ಅಕ್ಕನ ದನಿ ಮೊಬೈಲಿನಿಂದ ಗಟ್ಟಿಯಾಗಿ ಕೇಳಿತು, "ಅದು ನಮ್ದೇ ಜಮೀನು." ಆಮೇಲೆ ಪ್ಲಾಸ್ಟಿಕ್ ಚಿತ್ರಗಳು. ಅಧಿಕಾರಿ ಬಳ್ಳಿಯನ್ನೂ ನೋಡಿದರು, ಚಿತ್ರವನ್ನೂ ನೋಡಿದರು. ಸೈಟಿನ ಯಜಮಾನರ ಕಡೆಗೆ ವಾಲುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು.

"ಸಾರ್, ನಮ್ಮ ಕಡೆಯ ಚಿತ್ರಗಳನ್ನೂ ನೋಡಬೇಕು," ಎಂದು ಹುಡುಗಿ ಲ್ಯಾಪ್‌ಟಾಪ್ ಬಿಚ್ಚಿದಳು.

ಬಿಸಿಲಿಗೆ ಪರದೆ ಕನ್ನಡಿಯಾಗಿ ನಮ್ಮ ನಮ್ಮ ಮುಖವೇ ಕಾಣಿಸಿತು. ನೆರಳೆಂದರೆ ಏರಿಯ ಆಚೆ. ಅಧಿಕಾರಿ ಗಡಿಯಾರ ನೋಡಿಕೊಂಡರು. ಸೈಟಿನ ಯಜಮಾನರು, "ಆಫೀಸಿಗೇ ತಂದು ತೋರಿಸಲಿ ಬಿಡಿ ಸಾರ್, ಪಾಪ," ಎಂದರು. ಆ 'ಪಾಪ'ದಲ್ಲಿ ನಮ್ಮನ್ನು ಮನೆಗೆ ಕಳಿಸುವ ಉಪಾಯವಿತ್ತು.

ಆಡು ಮೇಯಿಸುತ್ತಿದ್ದವನೊಬ್ಬನ ಹೆಗಲ ಮೇಲೆ ಕಂಬಳಿ ಇತ್ತು. "ಕೊಡಣ್ಣ ಇಲ್ಲಿ," ಎಂದು ಎಳೆದುಕೊಂಡೆ. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವವರನ್ನು ನೋಡಿ ಬೆಳೆದವಳು ನಾನು. ಮುಸುಕಿನೊಳಗಿನ ಮಾತಿಗೆ ನಮ್ಮ ಕಡೆ ಬೆಲೆ ಹೆಚ್ಚು. "ತಪ್ಪು ತಿಳೀಬೇಡಿ ಸಾರ್, ತಲೆ ಒಳಗೆ ಹಾಕಿ. ಯಜಮಾನ್ರೆ, ನೀವೂ ಬನ್ನಿ, ಆಮೇಲೆ ನಮಗೆ ತೋರಿಸಲಿಲ್ಲ ಅನ್ನಬೇಡಿ. ಅಕ್ಕಯ್ಯ, ನೀನೂ."

ಒಂದು ಕಂಬಳಿಯೊಳಗೆ ಅಧಿಕಾರಿ, ಸೈಟಿನ ಯಜಮಾನರು, ಹುಡುಗಿ, ಅಕ್ಕ, ನಾನು. ಆಡಿನ ವಾಸನೆ, ಬೆವರು. ಹೊರಗೆ ಊರಿನವರ ನಗು. "ಸಾಹೇಬ್ರುನ್ನ ಕಂಬ್ಳಿಗಾಕವ್ರೆ ಕಣ್ಲಾ!" ಎಂದು ಯಾರೋ ಕೂಗಿದರು.

ಒಳಗೆ ಕತ್ತಲಲ್ಲಿ ಪರದೆ ಬೆಳಗಿತು. ಕಪ್ಪು, ಕೆಂಪು ಏನೆಂದು ಹುಡುಗಿ ಎರಡೇ ಮಾತಿನಲ್ಲಿ ಹೇಳಿದಳು. ಮಾವಿನ ಹೋಳು ಪೂರ್ತಿ ಕಪ್ಪಾಗಿ ಬಾಲದ ತುದಿ ಮುಟ್ಟಿತು. ಕುಗ್ಗಿತು. ಕೆಂಪು ಗೆರೆ ಹಿಂದೆಯೇ ನಡೆಯಿತು. ಮತ್ತೆ ಮಳೆ, ಮತ್ತೆ ಕಪ್ಪು. ಬೋಳು ವರ್ಷ. ಶ್ರಾವಣದ ಖಾಲಿ.

"ಇದು ನಾವೇಯಾ?" ಎಂದಳು ಅಕ್ಕ, ಪರದೆಯ ಹತ್ತಿರ ಮುಖ ತಂದು.

"ನೀವೇ ದೊಡ್ಡಮ್ಮ. ಒಂದು ಚುಕ್ಕೆ ಅಂದರೆ ರಾಗಿ ಒಕ್ಕುವ ಒಂದು ಕಣದಷ್ಟು ಜಾಗ. ಈ ಮೂಲೆ ನಿಮ್ಮ ಪಟ್ಟೆ."

"ಈ ವರ್ಸ ಸುತ್ತ ಎಲ್ಲಾ ಕೆಂಪದೆ, ಇಲ್ಲಿ ಮಾತ್ರ ಕೆಂಪೇ ಇಲ್ವಲ್ಲ?"

ಹುಡುಗಿ ವರ್ಷ ಹೇಳಿದಳು. ಅಕ್ಕ ಕಂಬಳಿಯೊಳಗೇ ಜೋರಾಗಿ ನಕ್ಕಳು. "ದಿಟ ಕಣವ್ವ! ಮಗಳ ಬಾಣಂತನ. ನಾನು ಆ ವರ್ಸ ಬೀಜ್ವೇ ಊರ್ನಿಲ್ಲ!"

ಅಧಿಕಾರಿ ತಲೆ ಹೊರಗೆ ತೆಗೆದು ಮುಖ ಒರೆಸಿಕೊಂಡರು. ಸೈಟಿನ ಯಜಮಾನರತ್ತ ತಿರುಗಿ ಕೇಳಿದರು, "ನಿಮ್ಮ ಹತ್ರ ಸಂಕ್ರಾಂತಿಗೆ ಮುಂಚಿನ ಚಿತ್ರ ಒಂದಾದರೂ ಇದೆಯಾ?" ಅವರು ಪ್ಲಾಸ್ಟಿಕ್ ಹಾಳೆಗಳನ್ನು ತಿರುವಿಹಾಕಿದರು. ಇದ್ದರೆ ತಾನೇ. "ಚಿತ್ರ ಏನು ಬೇಕಾದ್ರೂ ಮಾಡಬಹುದು ಸಾರ್ ಈಗಿನ ಕಾಲದಲ್ಲಿ," ಎಂದು ಗೊಣಗಿದರು. ಮೊನ್ನೆ ಡೈರಿಯ ಮುಂದೆ ಅವರದ್ದೇ ಬಾಯಲ್ಲಿ ಆಕಾಶಕ್ಕೆ ಲಂಚ ಕೊಡಲಾಗುವುದಿಲ್ಲ ಎಂದು ಬಂದದ್ದನ್ನು ಊರೆಲ್ಲ ಕೇಳಿತ್ತು; ಹಿಂದಿನಿಂದ ಯಾರೋ ಅದನ್ನು ನೆನಪಿಸಿದರು.

ಹುಡುಗಿ ಮಾತ್ರ ಬಿಸಿಯಾಗಲಿಲ್ಲ. "ಅವರು ಹೇಳುವುದರಲ್ಲೂ ಅರ್ಥ ಉಂಟು ಸಾರ್. ಚಿತ್ರವೊಂದನ್ನೇ ನಂಬಬಾರದು, ನೆಲದಲ್ಲೂ ನೋಡಬೇಕು. ಬಾಲದ ತುದಿಯಲ್ಲಿ ಅಗೆಸಿ ನೋಡಿ." ಸೈಟಿನ ಯಜಮಾನರ ಕಾರಿನ ಚಾಲಕನ ಕೈಗೇ ಗುದ್ದಲಿ ಕೊಡಿಸಿದೆ. ಅವರ ಕಡೆಯವನೇ ಅಗೆದರೆ ಆಮೇಲೆ ತಕರಾರಿಗೆ ಜಾಗವಿರುವುದಿಲ್ಲ. ಕಪ್ಪು ಗೋಡಿನ ಜೊತೆ ಬಿಳಿ ಬಿಳಿ ಚಿಪ್ಪುಗಳು ಎದ್ದುಬಂದವು. ನೀರಿನ ಬಸವನಹುಳುವಿನ ಚಿಪ್ಪು, ಮುಷ್ಟಿ ತುಂಬ.

ಅಧಿಕಾರಿ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಅಕ್ಕನನ್ನು ಕೇಳಿದರು. "ಅಮ್ಮ, ಕೊನೆಯದಾಗಿ ಕೇಳ್ತೀನಿ. ಆ ವಿಡಿಯೊದಲ್ಲಿ ನಿಮ್ಮ ಜಮೀನು ಅಂದಿದ್ದೀರಿ. ಇದು ಯಾರದ್ದು?"

ನಾನು ಮಣ್ಣು ನೋಡುತ್ತಾ ನಿಂತೆ. ಇಂಥ ಹೊತ್ತಿನಲ್ಲಿ ಅಕ್ಕನ ಮುಖ ನೋಡಿದರೆ ನಾನು ಹೇಳಿಕೊಟ್ಟಂತೆ ಆಗುತ್ತದೆ.

ಅಕ್ಕ ಸೆರಗು ಸರಿಮಾಡಿಕೊಂಡಳು. "ಸ್ವಾಮಿ, ಅವತ್ತು ನಮ್ದು ಅಂದೆ, ಎಲ್ಲಿ ಕಿತ್ಕತ್ತಾರೋ ಅನ್ನಾ ಪುಕ್ಲಿಗೆ ಅಂದೆ. ನಮ್ ಅತ್ತೆ ಯೋಳ್ಕೊಟ್ಟಿದ್ದು ಬ್ಯಾರೆ. ನೀರು ಇರಾಗಂಟ ಕ್ಯರೇದು. ನೀರು ಎದ್ದು ಜಾಗ ಬುಟ್ರೆ ನಾವು ಕುಂತ್ಕತ್ತೀವಿ. ನೀರು ಬಂದ್ರೆ ನಾವು ಏಳ್ತೀವಿ. ಅದು ಬರಾಕೆ ಅಡ್ಡ ಒಂದ್ ಬದು ಆಕಿದ್ರೆ ತೋರ್ಸಿ ಸ್ವಾಮಿ, ಈಗ್ಲೇ ಬಳ್ಳಿ ಕಿತ್ತಾಕ್ತೀನಿ."

ಬದು ಇರಲಿಲ್ಲ. ಆ ಹಸಿರಿನಲ್ಲಿ ಎಲ್ಲಿ ಹುಡುಕಿದರೂ ಬಾಡಿದ ಎಕ್ಕದ ಕಡ್ಡಿಗಳಷ್ಟೇ. ಅಧಿಕಾರಿ ಆಚೆಯಿಂದ ಈಚೆಗೆ ಪೂರ್ತಿ ನಡೆದು ನೋಡಿ ಬಂದರು. ಬಂದವರು ಅಕ್ಕನಿಗೆ, "ಕುಡಿಯೋಕೆ ಏನಾದ್ರೂ ಇದೆಯೇನಮ್ಮ?" ಎಂದರು. ಅಕ್ಕ ಬಳ್ಳಿಯಿಂದ ಒಂದು ಕಾಯಿ ಕಿತ್ತು ಸೀಳಿ ಕೊಟ್ಟಳು. ಆಗಲೇ ನನಗೆ ತಿಳಿಯಿತು, ವ್ಯಾಪಾರ ಕುದುರಿತು ಎಂದು.

ಆದೇಶ ಬಂತು. ಅರ್ಜಿ ವಜಾ. ಚಿತ್ರಗಳಲ್ಲಿ ನೀರು ಮುಟ್ಟಿದ ಅತಿ ಮೇಲಿನ ಗೆರೆಯ ಗುಂಟ ಕೆರೆಯ ಗಡಿಕಲ್ಲು ನೆಡಬೇಕು. ಬೇಸಿಗೆಯಲ್ಲಿ ನೀರು ಬಿಟ್ಟ ಜಾಗದಲ್ಲಿ ಬದು, ಬೇಲಿ ಇಲ್ಲದೆ ಸೌತೆ ಬೆಳೆಯುವ ರೂಢಿಗೆ ಪಂಚಾಯ್ತಿ ಅಡ್ಡಿ ಮಾಡಬಾರದು. ಅದನ್ನು ಡೈರಿಯ ಮುಂದೆ ಓದಿ ಹೇಳಿದಾಗ ಹೆಂಗಸರು ಹಾಕಿದ ಕೇಕೆ ಬೆಸಗರಹಳ್ಳಿಗೆ ಕೇಳಿರಬೇಕು. ಹುಡುಗಿಯನ್ನು ಹಾಲಿನ ಕ್ಯಾನಿನ ಮೇಲೆ ಕೂರಿಸಿ ತಲೆಗೆ ಹೂ ಮುಡಿಸಿದರು. ಕಂಬಳಿಯವನು ತನ್ನದೂ ಒಂದು ಪಾಲಿದೆ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ. ಇತ್ತು, ಇಲ್ಲವೆನ್ನಲಾರೆ.

ಸೈಟಿನ ಯಜಮಾನರು ಮುಖ ಕಪ್ಪಿಟ್ಟುಕೊಂಡು ಕಾರು ಹತ್ತುತ್ತಿದ್ದರು. ಸೋತವರನ್ನು ಬರಿಗೈಯಲ್ಲಿ ಕಳಿಸಬೇಡಿ, ನಾಳೆ ಅವರೇ ನಿಮ್ಮ ಎದುರು ಅಂಗಡಿ ಹಾಕುತ್ತಾರೆ. ನಾನು ಕಿಟಕಿಯ ಹತ್ತಿರ ಹೋದೆ.

"ಯಜಮಾನ್ರೆ, ಕೆರೆ ಮುಚ್ಚಿ ನಾಲ್ಕು ಸೈಟು ಹೆಚ್ಚಿಗೆ ಮಾಡ್ತಿದ್ರಿ. ಈಗ ಇರೋ ಸೈಟಿಗೆಲ್ಲ ಕೆರೆ ಕಾಣ್ತದೆ, ಕೊಕ್ಕರೆ ಕಾಣ್ತದೆ. ಯಾವುದನ್ನ ಜನ ಮುಗಿಬಿದ್ದು ತಕೊಳ್ತಾರೆ ನೀವೇ ಹೇಳಿ."

ಅವರು ಕಿಟಕಿ ಏರಿಸಿದರು. ಆದರೆ ಮುಂದಿನ ತಿಂಗಳು ಹೆದ್ದಾರಿಯ ಪಕ್ಕ ಅವರ ಹೊಸ ಫಲಕದಲ್ಲಿ ಕೆರೆಯ ಚಿತ್ರ, ಅದರ ಮೇಲೆ ಎರಡು ಬಣ್ಣದ ಕೊಕ್ಕರೆ. ಈಗ ಬಾಲಕ್ಕೆ ಯಾರಾದರೂ ಕಸ ಸುರಿಯಲು ಬಂದರೆ ಮೊದಲು ಓಡಿಬರುವವರು ಅವರೇ.

ನನ್ನ ಮಂಡಿಯ ಗೋಡೆಗೆ ಆ ಕಪ್ಪು ಕೆಂಪು ಚಿತ್ರ ಅಂಟಿಸಿದ್ದೇನೆ. ಮಳವಳ್ಳಿ ಕಡೆಯಿಂದ ಎಳನೀರು ತರುವವರು ನೋಡಿ, "ನಮ್ ಕ್ಯರೇದೂ ಒಂದು ತೆಗ್ಸಿಕೊಡಕ್ಕ," ಎನ್ನುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ. ಒಂದು ಚಿತ್ರ ತೋರಿಸಿ ಮಾತಾಡುವವರನ್ನು ನಂಬಬೇಡಿ, ನೀವೂ ಒಂದು ಚಿತ್ರ ಹಿಡಿದು ಹೋಗಬೇಡಿ. ವರ್ಷದ ಎಲ್ಲ ತಿಂಗಳೂ ಕೇಳಿ, ಬರಗಾಲದ ವರ್ಷವನ್ನಂತೂ ಬಿಡಲೇಬೇಡಿ. ಮತ್ತೆ, ಯಾರಾದರೂ ವಿಡಿಯೊ ತೆಗೆಯಲು ಬಂದರೆ ಮೊದಲು ನನಗೊಂದು ಫೋನು ಮಾಡಿ.

ಈ ಸಲ ಸಂಕ್ರಾಂತಿಗೆ ಅಕ್ಕನ ಊರಿಗೆ ಹೋಗಿದ್ದೆ. ಕೆರೆ ತುಂಬಿ ಹೊಸ ಗಡಿಕಲ್ಲಿನ ಬುಡಕ್ಕೆ ನೀರು ತಾಗಿತ್ತು. ಬಾಲದಲ್ಲಿ ಕೊಕ್ಕರೆಗಳು ಕೊಕ್ಕು ಮುಳುಗಿಸಿ ನಡೆಯುತ್ತಿದ್ದವು. ಅಕ್ಕ ಸೊಂಟಕ್ಕೆ ಬೀಜದ ಗಂಟು ಸಿಕ್ಕಿಸಿಕೊಂಡು ದಡದಲ್ಲಿ ನಿಂತಿದ್ದಳು, ನೀರು ಜಾಗ ಬಿಡುವುದನ್ನು ಕಾಯುತ್ತಾ.

"ಅಮ್ಮಿ, ಆ ಹುಡ್ಗೀಗೆ ಯೋಳು. ಈ ಸಲ ನನ್ ಪಟ್ಟೆ ಇನ್ನೂ ಕೆಂಪಗೆ ಕಾಣ್ತದೆ."

ಶಿವರಾತ್ರಿ ಕಳೆದು ಮೊದಲ ಕಾಯಿ ಬಿಟ್ಟಿತು. ಅಕ್ಕ ಅರಿಶಿನ ಹಚ್ಚಿ ನೀರಿಗೆ ಬಿಟ್ಟಳು. ಅದು ತೇಲುತ್ತಾ ಏರಿಯ ಕಡೆಗೆ ಹೋಯಿತು. ಆಮೇಲೆ ಕಿತ್ತು ತುಂಬಿದ ಬುಟ್ಟಿಗೆ ನಾನು ಬೆಲೆ ಕೇಳಿದೆ. ಹೇಳಿದ ಬೆಲೆಗೆ ನನ್ನ ಬಾಯಿ ತೆರೆದಿದ್ದು ಹಾಗೇ ನಿಂತಿತು.

"ಏನಕ್ಕಯ್ಯ, ತಂಗಿಗೂ ಇಷ್ಟಾ?"

"ಮ್ಯಾಲಿಂದ ಉಪಗ್ರಹ ನೋಡಿ ಒಪ್ಪಿರಾ ಕಾಯಿ ಕಣಮ್ಮಿ ಇದು," ಎಂದಳು ಅಕ್ಕ, ಸೆರಗಿನಲ್ಲಿ ನಗು ಮುಚ್ಚಿಕೊಂಡು. "ಬೇಕಾದ್ರೆ ತಗಾ, ಇಲ್ದಿದ್ರೆ ಬುಡು."

ತೆಗೆದುಕೊಂಡೆ. ಜೀವಮಾನದಲ್ಲಿ ಚೌಕಾಸಿ ಮಾಡದೆ ಕೊಂಡ ಮಾಲು ಅದೊಂದೇ.